ನಾಲ್ಕು ರಾತ್ರಿ, ಐದು ಹಗಲು

ವರ್ಷಕ್ಕೆ ಹನ್ನೆರಡು ಸಾವಿರ ಮೂಟೆ ಸಿಮೆಂಟು ಇಳಿಸಿದ್ದಕ್ಕೆ
ಕಂಪನಿಯವರು ಇಬ್ಬರಿಗೆ ಟಿಕೆಟ್ಟು ಕೊಟ್ಟರು.
ಮಕ್ಕಳದ್ದೂ ಅತ್ತೆಯದ್ದೂ ನಾವೇ ಕೈಯಿಂದ ಹಾಕಿಕೊಂಡೆವು.
ಊರಿನ ಹೆಸರು ಕೇಳಿ ಅತ್ತೆ ಪುಟ್ಟಲಿಂಗಮ್ಮ
‘ಪುರ ಅಂತೀಯಲ್ಲ, ಕೊರಟಗೆರೆ ಆಚೆಗಾ?’ ಅಂದರು.
ಕೌಲಾಲಂಪುರ ಅಂದೆ, ಬಿಡಿಸಿ ಬಿಡಿಸಿ.
‘ಅದೇ. ಪುರವೇ ಬಿಡು.’

ಸೂಟ್‌ಕೇಸಿನಲ್ಲಿ ಅರ್ಧ ಹುರಿಹಿಟ್ಟು, ಅರ್ಧ ಹುಚ್ಚೆಳ್ಳು ಪುಡಿ,
ನಡುವೆ ಎಲ್ಲೋ ನಮ್ಮ ಬಟ್ಟೆ.

ಏರ್‌ಪೋರ್ಟಿನಲ್ಲಿ ತಲೆಗೊಂದು ಹಳದಿ ಟೋಪಿ ಹಂಚಿದರು.
ಪಾವಗಡದವರು, ಸಿರಾದವರು, ತಿಪಟೂರಿನ ಹಾರ್ಡ್‌ವೇರಿನವರು
ಎಲ್ಲ ಒಂದೇ ಬ್ರ್ಯಾಂಡಿನ ಮೂಟೆಗಳಂತೆ ಸಾಲಾಗಿ ನಿಂತೆವು.
ಅಲ್ಲಿ ಬಾವುಟ ಹಿಡಿದು ಮುಂದೆ ನಡೆದವನ ಹೆಸರು ಲಿಮ್.
ಅತ್ತೆಗೆ ಅದು ಅರ್ಧ ಹೆಸರೆನಿಸಿತು, ಪೂರ್ತಿ ಮಾಡಿಕೊಂಡರು:
‘ಲಿಂಗಣ್ಣ, ಸ್ವಲ್ಪ ನಿಧಾನ ನಡಿಯಪ್ಪ.’
ಎರಡನೇ ದಿನದಿಂದ ಅವನು ಆ ಹೆಸರಿಗೇ ತಿರುಗಿ ನೋಡಿದ.

ಏನೇನು ನೋಡಿದಿರಿ, ಅಂತ ಅಂಗಡಿಬೀದಿಯಲ್ಲಿ ಕೇಳುತ್ತಾರೆ.
ಬಸ್ಸಿನ ಕಿಟಕಿ ನೋಡಿದೆವು.
ಶೌಚಾಲಯಕ್ಕೆ ಹದಿನೈದು ನಿಮಿಷ, ಅರಮನೆಗೆ ಹತ್ತು.
ತರುಣನ ವಾಂತಿ. ಚಿನ್ಮಯಿಯ ಮುನಿಸು,
ಅಪ್ಪ ಟೋಪಿ ತೆಗೆಯದೆ ಎಲ್ಲ ಫೋಟೋದಲ್ಲೂ ನಿಂತರೆಂದು.
ಇವರು ಸೇತುವೆ ಕಂಡಲ್ಲೆಲ್ಲ ಇಳಿದು ಕಂಬ ಮುಟ್ಟಿ
ಉಗುರಲ್ಲಿ ಗೀರಿ, ‘ಕ್ಯೂರಿಂಗ್ ಚೆನ್ನಾಗಾಗಿದೆ’ ಎಂದರು.

ಮೂರನೇ ದಿನ ಜೋಡಿ ಗೋಪುರ.
ಲಿಫ್ಟಿನಲ್ಲಿ ಕಿವಿ ಮುಚ್ಚಿ ಬಿಟ್ಟಿತು, ಅಷ್ಟೆ,
ಎಂಬತ್ತಾರನೇ ಮಹಡಿ.
ಕಾಲು ಒಂದು ಹೆಜ್ಜೆ ದುಡಿಯದೆ ಅಷ್ಟೆತ್ತರ;
ಯಾರದೋ ಕೂಲಿ ಬಾಕಿ ಉಳಿಸಿಕೊಂಡ ಹಾಗೆ
ನನಗೇಕೋ ಮುಜುಗರ.
ಕೆಳಗೆ ಕಾರುಗಳು, ಮೊರದಲ್ಲಿ ಹರವಿದ ಹಳೇ ರಾಗಿಯ ಹುಳ.
ಅತ್ತೆ ಗಾಜಿಗೆ ಹಣೆ ಹಚ್ಚಿ ಊರೆಲ್ಲ ಹುಡುಕಿ ಕೇಳಿದರು:
‘ಬೆಟ್ಟ ಎಲ್ಲಿ? ಇವರಿಗೆಲ್ಲ ಮನೆ ದಾರಿ ಹೆಂಗೆ ಗೊತ್ತಾಗತ್ತೆ?’

ಚಿನ್ಮಯಿ ಲಿಂಗಣ್ಣನಿಗೆ ಫೋನಿನಲ್ಲಿ ತೋರಿಸಿದಳು:
ನಮ್ಮ ಅಂಗಡಿ ಓಪನಿಂಗಿನ ಫೋಟೋ,
ಬೋರ್ಡಿನ ಹಿಂದೆ, ಆಕಾಶ ಇರಬೇಕಾದಲ್ಲಿ, ಮಧುಗಿರಿಯ ಕಲ್ಲು.
ಅವನು ಬೆರಗಾಗಿ ಏನೋ ಕೇಳಿದ.
‘ಮೇಲಿಂದ ಏನು ಕಾಣತ್ತೆ, ಅಂತಿದ್ದಾರೆ.’

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಹದಿನೇಳು ವರ್ಷ ಅಡುಗೆಮನೆ ಕಿಟಕಿಯಲ್ಲಿ ಅದನ್ನೇ ನೋಡುತ್ತ
ಹಾಲು ಉಕ್ಕುವುದ ಕಾದವಳು ನಾನು.
‘ಕೆರೆ’ ಅಂದರು ಇವರು, ಅಂದಾಜಿನಲ್ಲಿ.
‘ಭಾನುವಾರ ಬೆಂಗಳೂರಿನವರು ಹತ್ತುತಾರೆ ಲಿಂಗಣ್ಣ,
ನಮಗೆಲ್ಲಿ ಪುರುಸೊತ್ತು’ ಅಂದರು ಅತ್ತೆ.
ಅದನ್ನು ಮಗಳು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಬಂದ ಹತ್ತು ದಿನಕ್ಕೆ, ಒಂದು ಬುಧವಾರ,
ಪ್ರವಾಸಕ್ಕೆಂದು ಕೊಂಡ ಬಿಳಿ ಬೂಟು
(ಇನ್ನೇನು ಮಾಡಲಿ ಅದನ್ನ)
ಸೀರೆಯ ಕೆಳಗೆ ಮೆಟ್ಟಿಕೊಂಡು ‘ಮಾರ್ಕೆಟ್ಟಿಗೆ’ ಎಂದೆ.
ಅತ್ತೆ ಬೂಟು ನೋಡಿದರು. ಏನೂ ಅನ್ನಲಿಲ್ಲ.
ಬಾಟಲಿಗೆ ಮಜ್ಜಿಗೆ ತುಂಬಿ ಕೈಗಿತ್ತರು.

ಕಂಬಿ ಹಿಡಿದೆ, ಕೂತೆ, ಎದ್ದೆ.
ದಿಡ್ಡಿಬಾಗಿಲು ದಾಟಿದ ಮೇಲೆ ಬಂಡೆ ನೆಟ್ಟಗಾಯಿತು,
ನಾನು ನಾಲ್ಕು ಕಾಲಿನವಳಾದೆ.
ತೊಡೆ ತನ್ನಷ್ಟಕ್ಕೆ ತಾನೇ ನಡುಗತೊಡಗಿದಾಗ
ಒಂದು ಸೀಳಿನಲ್ಲಿ ಬೆನ್ನು ಕೊಟ್ಟು ಕುಳಿತೆ.
ತುದಿ ಇನ್ನೂ ಅರ್ಧ ಮೇಲಿತ್ತು. ಇರಲಿ.

ಮಜ್ಜಿಗೆಗೆ ಉಪ್ಪು ಹೆಚ್ಚಾಗಿತ್ತು.
ಕೆಳಗೆ ಊರು, ಮಹಡಿ ಮಹಡಿಗೂ ಕಪ್ಪು ಟ್ಯಾಂಕು,
ನನ್ನ ಮನೆ ಯಾವುದೆಂದು ನನಗೇ ಗೊತ್ತಾಗಲಿಲ್ಲ.
ಬೀದಿ ಎಣಿಸಿದೆ, ತಪ್ಪಿದೆ, ಮತ್ತೆ ಬಸ್‌ಸ್ಟ್ಯಾಂಡಿನಿಂದ ಹಿಡಿದೆ.
ಕೊನೆಗೆ ಒಂದು ತಾರಸಿಯ ಹಗ್ಗದ ಮೇಲೆ
ಹಳದಿ ಚುಕ್ಕಿ, ಐದು.
ಅತ್ತೆ ಟೋಪಿ ಒಗೆದು ಒಣಹಾಕಿದ್ದರು.

ಫೋನು ಮಾಡಿ ಹೊರಗೆ ಬನ್ನಿ ಅಂದೆ.
‘ಕಬ್ಬಿಣ ತೂಗ್ತಿದೀನಿ, ಎಲ್ಲಿದೀಯ?’
‘ಮೇಲೆ.’
‘ಯಾರ ಮನೆ ಮೇಲೆ?’
ಸ್ವಲ್ಪ ಹೊತ್ತಿಗೆ ಅಂಗಡಿಯಿಂದ ರಾಗಿಹುಳದಷ್ಟು ಒಬ್ಬ ಮನುಷ್ಯ
ಬೀದಿಗೆ ಬಂದ.
ಹಣೆಗೆ ಕೈ ಅಡ್ಡ ಹಿಡಿದು, ಕತ್ತೆತ್ತಿ,
ಎದುರು ಮಹಡಿಗಳನ್ನೇ ಒಂದೊಂದಾಗಿ ನೋಡತೊಡಗಿದ.