ಅರ್ಧ ಮಾತ್ರೆ

ಮೀನಿನ ವ್ಯಾನು ಎರಡು ಸಲ ಉದ್ದಕ್ಕೆ ಕೂಗುತ್ತದೆ,
ರೊಟ್ಟಿಯದು ಮೂರು ಸಲ, ಚುಟುಕಾಗಿ.
ನಮ್ಮದು ಆಸ್ಪತ್ರೆ ವ್ಯಾನು, ಹಾರ್ನ್ ಹೊಡೆಯುವುದಿಲ್ಲ;
ಆದರೂ ಗುರುವಾರ ಹತ್ತಕ್ಕೆ
ಕಲ್ಲುತೊಟ್ಟಿಯ ಪಕ್ಕ ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ
ಫ್ರೈಶುವಿನ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ
ಅಂಗಿತೋಳು ಮಡಚಿ ಕೂತಿರುತ್ತಾರೆ.

ಪೋರ್ಚುಗಲ್ ಇಲ್ಲಿಗೆ ಮುಗಿಯುತ್ತದೆ, ಗುಡ್ಡದಾಚೆ ಸ್ಪೇನ್.
ಆಸ್ಪತ್ರೆಗೆ ಮೂವತ್ತೆಂಟು ಕಿಲೋಮೀಟರು.
ಬಸ್ಸೊಂದಿತ್ತು, ಶಾಲೆಯ ಮಕ್ಕಳಿಗಾಗಿ.
ಮಕ್ಕಳು ಮುಗಿದರು, ಶಾಲೆ ಮುಗಿಯಿತು,
ಬಸ್ಸೂ ಬೆಳೆದು ದೊಡ್ಡದಾಗಿ ಎಲ್ಲಿಗೋ ಹೋಯಿತು.

ನಾನು ಬರೀ ಡ್ರೈವರ್. ಆದರೂ
ಯಾರ ಸಕ್ಕರೆ ಎಷ್ಟು, ಯಾರ ಮೊಣಕಾಲು ಯಾವ ಗಾಳಿಗೆ ನೋಯುತ್ತದೆ
ಎಲ್ಲ ಬಲ್ಲೆ. ಬಾಗಿಲು ತೆಳು ತಗಡು,
ಕಿವಿಗೆ ಮುಚ್ಚಳವಿಲ್ಲ.

ಜನವರಿಯಲ್ಲಿ ಎರಡು ಗುರುವಾರ ನಾವು ಬರಲಿಲ್ಲ.
ಒಂದಕ್ಕೆ ಹಿಮ. ಇನ್ನೊಂದಕ್ಕೆ, ಟಯರಿನ ಟೆಂಡರು.
ಮೂರನೆಯ ಗುರುವಾರ ಅದೋಜಿಂದ ಅಜ್ಜಿ ಒಳಗೆ ಕೂತಳು,
ಚರ್ಚಿಗೆ ಹಾಕುವ ಬೂಟು ಹಾಕಿಕೊಂಡು.
ಯಂತ್ರ ಉಸಿರು ಕಟ್ಟಿ, ಬಿಟ್ಟು,
ನೂರ ತೊಂಬತ್ತು ಎಂದಿತು.
"ಏರು ಹತ್ತಿ ಬಂದೆನಲ್ಲ."
"ನಿಮ್ಮ ಮನೆ ಮೇಲಿದೆ, ಇಳಿದು ಬಂದಿರಿ," ಎಂದಳು ನರ್ಸ್ ಲುರ್ದೆಸ್.

ಡಬ್ಬಿಯನ್ನು ಮೇಜಿಗೆ ಸುರಿದಳು:
ರೊಟ್ಟಿಚಾಕುವಿನಲ್ಲಿ ಕತ್ತರಿಸಿದ ಅರ್ಧಗಳು,
ಅಂಚು ಪುಡಿಪುಡಿ, ಉದುರಿದ ಹಾಲುಹಲ್ಲಿನ ಹಾಗೆ.
ಎಣಿಸಿದಳು. ಮತ್ತೆ ಎಣಿಸಿದಳು.
ದಿನಕ್ಕೆ ಅರ್ಧ ತಿಂದಿದ್ದರೆ ಇನ್ನೂ ಮೂವತ್ತು ಉಳಿಯಬೇಕು,
ಇರುವುದು ನಾಲ್ಕು.
ಅಜ್ಜಿ ಉತ್ತರಿಸಲಿಲ್ಲ, ಕಿಟಕಿ ನೋಡಿದಳು.
ನಾನು ಕನ್ನಡಿ ನೋಡಿದೆ:
ಮೇಲೆ, ಚೆಸ್ಟ್‌ನಟ್ ಮರಗಳಾಚೆ, ಒಂದೇ ಒಂದು ಹೊಗೆ.

ಎರ್ಮೀನಿಯು. ಸೊಂಟ ಮುರಿದ ಮೇಲೆ ಇಳಿದೇ ಇಲ್ಲ.
ನಮ್ಮ ಪಟ್ಟಿಯಲ್ಲಿ ಅವನ ಹೆಸರಿನೆದುರು
ಎರಡು ವರ್ಷದಿಂದ "ಬಂದಿಲ್ಲ" ಎಂದಿದೆ,
ಬರಬೇಕಾದವನು ಅವನೇ ಎಂಬಂತೆ.

ವ್ಯಾನಿಗೆ ಆ ದಾರಿ ಕಿರಿದು. ಯಂತ್ರ ನಾನು ಹೊತ್ತೆ.
ಅಜ್ಜಿ ಮುಂದೆ, ಬೂಟಿಗೆ ಕೆಸರು ಮೆತ್ತಿಸಿಕೊಳ್ಳುತ್ತ:
"ಅವನ ಜೊತೆ ಮಾತಿಲ್ಲ ಕಣಪ್ಪ,
ಗೋಡೆಯ ಜಗಳ, ಮೂವತ್ತು ವರ್ಷದ್ದು.
ಕಿಟಕಿಕಟ್ಟೆಯ ಮೇಲೆ ಇಟ್ಟು ಬರುತ್ತೇನೆ, ಅಷ್ಟೇ."

ಒಳಗೆ ಅವನ ತೆಳ್ಳನೆ ತೋಳಿಗೆ ಪಟ್ಟಿ ಸುತ್ತಿ
ಲುರ್ದೆಸ್ ಗಾಳಿ ಒತ್ತಿದಳು. ಬಿಟ್ಟಳು. ಬರೆದುಕೊಂಡಳು.
ಅಜ್ಜಿ ಒಳಗೆ ಬರಲಿಲ್ಲ.
ಗೋಡೆಯಾಚೆ ನಿಂತು, ಮುಖ ಬೇರೆ ಕಡೆ ತಿರುಗಿಸಿ,
ಯಾರನ್ನೂ ಕೇಳದವಳಂತೆ ಕೇಳಿದಳು:
ಎಷ್ಟಂತೆ?