ಎರಡು ಸುತ್ತಿಗೆ ಒಂದು ಪೆಟ್ಟು

ಬೈಕು ಬಂದು ಒಂಬತ್ತು ದಿನ.
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿಲ್ಲ,
ಮಡ್‌ಗಾರ್ಡಿಗೆ ಮಾತ್ರ ಆಗಲೇ ಹುಲಿಕಲ್ಲಿನ ಕೆಮ್ಮಣ್ಣು.
ಜೀಪೂ ಗೊಣಗುವ ದಾರಿಯ ಹದಿನಾಲ್ಕು ಮನೆಗಳಿಗೆ
ದನ ನೋಡಲು ಹೋಗಬೇಕಲ್ಲ, ಅದಕ್ಕೆ ಕೊಂಡೆ
ಈ ಉದ್ದ ಕಾಲಿನ ಹಳದಿ ಗಾಡಿ.
ಕೂತರೆ ನೆಲಕ್ಕೆ ನನ್ನ ಹೆಬ್ಬೆರಳಷ್ಟೇ ತಾಗುತ್ತದೆ.

ಹತ್ತನೇ ಬೆಳಿಗ್ಗೆ, ಮಾಗಿಯ ಚಳಿಯಲ್ಲಿ ಸ್ಟಾರ್ಟ್ ಮಾಡಿದೆ:
ಟಿಕ್.
ಸಲೀಸಾದ ಗುಡುಗುಡುವಿನೊಳಗೆ ಅನ್ನದಲ್ಲಿ ಸಿಕ್ಕ ಕಲ್ಲು.
ಟಿಕ್ ಟಿಕ್ ಟಿಕ್, ಯಾರೋ ಒಳಗೆ ಕೂತು
ಉಗುರಿನಿಂದ ಸ್ಟೀಲ್ ಲೋಟ ತಟ್ಟಿದ ಹಾಗೆ.

ಶಿವಮೊಗ್ಗದ ಷೋರೂಮಿಗೆ ಫೋನು ಮಾಡಿದರೆ
"ಹೊಸ ಗಾಡಿ ಮೇಡಂ, ಸಾವಿರ ಕಿಲೋಮೀಟರ್ ಓಡಲಿ,
ಕೂತ್ಕೊಳ್ಳುತ್ತೆ."
ಏನು ಕೂತ್ಕೊಳ್ಳುತ್ತೆ, ಎಲ್ಲಿ, ಅದನ್ನು ಹೇಳಲಿಲ್ಲ.
ಡೈರಿಯ ಶೇಷನಾಯ್ಕರು ಪೆಟ್ರೋಲಿನಲ್ಲಿ ನೀರು ಅಂದರು.
ಅಟೆಂಡರ್ ಗುಡ್ಡಪ್ಪ ಚೈನು ಅಂದ, ನಂಬರ್ ಪ್ಲೇಟು ಅಂದ,
ಮಧ್ಯಾಹ್ನದ ಹೊತ್ತಿಗೆ ನಿಮ್ಮ ಕಿವಿ ಅಂದ.

ನನ್ನ ಕಿವಿಗೆ ಹತ್ತೊಂಬತ್ತು ವರ್ಷದ ಸರ್ವೀಸಿದೆ, ಗುಡ್ಡಪ್ಪ.
ಎಮ್ಮೆಯ ಎಡಗಡೆ ಡೊಕ್ಕೆಗೆ ಸ್ಟೆತೊಸ್ಕೋಪು ಒತ್ತಿ
ಹೊಟ್ಟೆ ಮಗುಚುವುದನ್ನು ಎಣಿಸುವ ಕಿವಿ.
ಎರಡು ನಿಮಿಷಕ್ಕೆ ಮೂರು ಸಲ ದೂರದ ಗುಡುಗು,
ಗುಡುಗದಿದ್ದರೆ ಹಿಂಡಿ ನಿಲ್ಲಿಸಿ ಅನ್ನುವ ಕಿವಿ.

ಭಾನುವಾರ, ಆಸ್ಪತ್ರೆಯ ಹಿಂದೆ, ಯಾರೂ ಇಲ್ಲದಾಗ
ಸ್ಕ್ರೂಡ್ರೈವರಿನ ಹಿಡಿಗೆ ಸ್ಟೆತೊಸ್ಕೋಪಿನ ಬಿಲ್ಲೆ ಒತ್ತಿ
ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ.
ನಾಚಿಕೆ ಆಗಲಿಲ್ಲ ಅಂದರೆ ಸುಳ್ಳು.
ಕೆಳಗೆ, ತುಂಬಿದ ಹೊಳೆ.
ಬಲಕ್ಕೆ, ಮೊರದಲ್ಲಿ ಅಕ್ಕಿ ಕೇರುವ ಸದ್ದು.
ಕ್ಲಚ್ ಹಿಡಿದೆ, ಬಿಟ್ಟೆ, ಟಿಕ್ ಕದಲಲಿಲ್ಲ.
ಮೇಲೆ, ತಲೆಯ ಹತ್ತಿರ, ಸೈಲೆನ್ಸರ್ ಹೊರಡುವಲ್ಲಿಂದ ಎರಡು ಬೆರಳು ಆಚೆ,
ಅಲ್ಲಿ.
ಎಣಿಸಲು ಹೋಗಿ ಸೋತೆ,
ಇಲಿಯ ಎದೆ ಹಾಗೆ ಓಡುತ್ತದೆ, ದನದ್ದಲ್ಲ.

ಹೊಸನಗರದ ಇನಾಸನಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ
ಒಳಗಿನ ತಮಟೆ ಹರಿದುಹೋಗಿದೆ.
ಸ್ಟೆತೊಸ್ಕೋಪು ಕೊಟ್ಟೆ, ಬೇಡ ಅಂದ.
"ನಂಗೆ ಕಿವಿ ಇಲ್ಲ ಡಾಕ್ಟ್ರೇ, ಹಲ್ಲಿದೆ."
ಉದ್ದನೆಯ ಸ್ಕ್ರೂಡ್ರೈವರು ಎಂಜಿನ್ನಿಗೆ ಊರಿ,
ಹಿಡಿ ಕಚ್ಚಿ, ಕಣ್ಣು ಮುಚ್ಚಿದ.
ಕಬ್ಬು ತಿನ್ನುವವನ ಮುಖ.

ಆಮೇಲೆ ಗಾಡಿ ಆರುವವರೆಗೆ ಎರಡು ಚಹಾ,
ಅವನ ತಂಗಿಯ ಮದುವೆಯ ಸುದ್ದಿ.
ಪ್ಲಗ್ಗು ಬಿಚ್ಚಿ, ಸ್ಪ್ಯಾನರು ಹಾಕಿ
ಕೈಯಲ್ಲೇ ತಿರುಗಿಸಿದ ಎಂಜಿನ್ನನ್ನು, ಬೀಸುಕಲ್ಲಿನ ಹಾಗೆ ನಿಧಾನ.
ಒಂದು ಸುತ್ತು, ಏನಿಲ್ಲ.
ಇನ್ನೊಂದು, ಟಿಕ್.
"ಎರಡು ಸುತ್ತಿಗೆ ಒಂದು ಪೆಟ್ಟು" ಅಂದ.
ನಾನು ಅವನ ಕೈಯಲ್ಲಿ ಸುತ್ತಿಗೆ ಹುಡುಕಿದೆ.
ಅವನಿಗೆ ಅರ್ಥವಾಗಿ, ಗ್ಯಾರೇಜು ತುಂಬ ನಕ್ಕ.

ಕಾರ್ಖಾನೆಯಲ್ಲಿ ಯಾರೋ ಊಟದ ಗಂಟೆ ಹೊಡೆದಾಗ
ಅರ್ಧ ಬಿಗಿದು ಬಿಟ್ಟಿರಬೇಕು ಆ ನಟ್ಟು.
ವಾಲ್ವಿನ ತಲೆಗೂ ತಟ್ಟುವ ಕೈಗೂ ನಡುವೆ
ಸಂದು ದೊಡ್ಡದಾಗಿದೆ.
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತಗಡು ತೂರಿಸಿ, ಎಳೆದು, ಮತ್ತೆ ತೂರಿಸಿ
ಕೂದಲಷ್ಟು ತಿರುಗಿಸಿದ.
"ಪೂರ್ತಿ ನಿಲ್ಲಿಸಿಬಿಡು ಮಾರಾಯ" ಅಂದೆ.
"ಬೇಡ. ಚೂರು ಟಿಕ್ ಇರಲಿ.
ಬಿಗಿ ಆದ ವಾಲ್ವು ಸದ್ದೇ ಮಾಡಲ್ಲ,
ಒಳಗೇ ಸುಡ್ತದೆ."
ನೂರೈವತ್ತು ರೂಪಾಯಿ ತಗೊಂಡ,
ಚಹಾದ ದುಡ್ಡು ನನ್ನಿಂದಲೇ ಕೊಡಿಸಿದ.

ಮಾರನೆ ದಿನ ಗುಡ್ಡದ ಕೊನೆಯ ಮನೆ.
ಎಮ್ಮೆ ನಿಂತಿದೆ, ಕೂಗಿಲ್ಲ, ಒದ್ದಿಲ್ಲ,
ಮೂಗು ಒಣಗಿದೆ ಅಷ್ಟೆ.
"ಎಂತದೂ ಇಲ್ಲ, ಸುಮ್ನೆ ನಿಂತದೆ" ಅಂದಳು ಮನೆಯಾಕೆ.
ಬಿಲ್ಲೆ ಒತ್ತಿದೆ.
ಆಯಿಲ್ ವಾಸನೆಗೆ ಎಮ್ಮೆ ಕತ್ತು ತಿರುಗಿಸಿ ನನ್ನನ್ನು ನೋಡಿತು.
ಅಂಗಳದಲ್ಲಿ ಗಾಡಿ ಆರುತ್ತಾ
ತನ್ನಷ್ಟಕ್ಕೆ ತಾನು ಟಿಣ್, ಟಿಣ್.
ವಾಚು ನೋಡುತ್ತಾ ಕೂತೆ,
ಒಂದು ನಿಮಿಷ,
ಒಂದೂವರೆ.