ಮೂರು ಚುಕ್ಕಿ

ಅಲ್ ಸಬಾತ್ ಜನರಲ್ ಟ್ರೇಡಿಂಗ್.
ಸಬಾತ್ ಅಂದರೆ ಕದಲದೆ ನಿಲ್ಲುವುದು, ಎಂದಿದ್ದ ಮುದೀರ,
ಸುಲೈಮಾನಿ ಚಾ ತರಿಸಿ, ಸಕ್ಕರೆ ಕೇಳಿ.
ಅರಬಿಯಲ್ಲಿ ಅದರ ಮೊದಲ ಅಕ್ಷರದ ತಲೆಗೆ ಮೂರು ಚುಕ್ಕಿ.
ಅಕ್ರಿಲಿಕ್ಕಿನಲ್ಲಿ ನಾನೇ ಕೊರೆದೆ, ನಾನೇ ಅಂಟಿಸಿದೆ,
ಶಾರ್ಜಾದ ರೋಲಾದಲ್ಲಿ, ಬೆಳಗ್ಗೆ ಒಂಬತ್ತಕ್ಕೇ
ಏಣಿಯ ಕಬ್ಬಿಣ ಅಂಗೈ ಸುಡುತ್ತಿದ್ದ ಜುಲೈಯಲ್ಲಿ.

ಸಾವಿರದ ಎಂಟುನೂರೈವತ್ತು ದಿರಂ.
ಚೆಕ್ಕು. ಮುಂದಿನ ತಿಂಗಳ ತಾರೀಕು.

ತಾರೀಕು ಬಂತು. ಬ್ಯಾಂಕಿನ ಹುಡುಗಿ ಚೆಕ್ಕನ್ನು
ಎರಡೇ ಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು,
ಕಿವಿರು ಬೆಳ್ಳಗಾದ ಬಂಗುಡೆಯ ಹಾಗೆ.

ಓಡಿದೆ. ಗಾಜಿನಾಚೆ ಒಂದು ಕುರ್ಚಿ,
ಇನ್ನೂ ಹಸಿರಾಗಿಯೇ ಇದ್ದ ಮನಿ ಪ್ಲಾಂಟು.
ಬಾಗಿಲಲ್ಲಿ ನನಗಿಂತ ಮೊದಲೇ ಒಂಬತ್ತು ಜನ:
ಈರುಳ್ಳಿ ಕೊಟ್ಟ ಬಲೂಚಿ, ಟಯರು ಕೊಟ್ಟ ಸಿಂಧಿ,
ಮೂರು ತಿಂಗಳ ಸಂಬಳ ಕಾಣದ ಆಫೀಸ್ ಬಾಯ್, ಉಳ್ಳಾಲದ ಇಸುಬು.
ಕೀಲಿ ಅವನ ಕೈಯಲ್ಲೇ ಇತ್ತು.
ತೆರೆದು ಏನು ಮಾಡುವುದು ಅಂತ ನಿಂತಿದ್ದ.

ಅವರದೇ ಲೆಕ್ಕ ಬರೆಯುತ್ತಿದ್ದ ಡೊಲ್ಫಿ ಕುಟಿನ್ಹೊ
ಮೊಣಕಾಲ ಮೇಲೆ ಹಾಳೆಯಿಟ್ಟು ಎಲ್ಲರ ಪರವಾಗಿ ದೂರು ಬರೆಯುತ್ತಿದ್ದ,
ಇಂಗ್ಲಿಷಿನಲ್ಲಿ. ಒಂದು ಕಡೆ ಬಂತು: ಫ್ಲೈ ಬೈ ನೈಟ್.
ಹಾಗೆಂದರೆ?
ರಾತ್ರಿ ಹಾರಿ ಹೋಗುವಂಥದು. ನಂಬಬಾರದ ಕಂಪೆನಿ.
ಬಾವಲಿಯ ಹಾಗಾ?
ಅಲ್ಲ ಮಾರಾಯ, ಬಾವಲಿ ಬೆಳಗಾದರೆ ಅದೇ ಮರಕ್ಕೆ ಬರ್ತದೆ.

ನಮ್ಮ ಮಾತಿನಲ್ಲಿ ಇಂಥವರು ಹಾರುವುದಿಲ್ಲ, ಕಂಬಿ ಕೀಳುತ್ತಾರೆ.
ಕೀಳುವ ಮುಂಚೆ ಟೋಪಿ ಹಾಕುತ್ತಾರೆ, ನಾಮ ಎಳೆಯುತ್ತಾರೆ;
ಅಂತೂ ನಮ್ಮ ತಲೆಯನ್ನು ಬೋಳಾಗಿ ಬಿಟ್ಟು ಹೋಗುವುದಿಲ್ಲ.
ಇಂಗ್ಲಿಷಿನವನಿಗೆ ಕಂಡದ್ದು ಬರೀ ರೆಕ್ಕೆ.

ಡೊಲ್ಫಿ ಪೆನ್ನು ಕೊಡವಿ ಇನ್ನೊಂದು ಹೇಳಿದ:
ಈ ಮಾತಿಗೆ ವರ್ತಮಾನಕಾಲ ಇಲ್ಲ ನೋಡು.
ಬೋರ್ಡು ಇರುವತನಕ ಅವರು ಕಂಪೆನಿ, ಸಾರ್, ಚಾ.
ಆಮೇಲಷ್ಟೇ ಇದು.

ಎಲ್ಲರೂ ಬೈದರು. ನಾನು ಬಾಯಿ ತೆರೆದೆ, ಮುಚ್ಚಿದೆ.
ರಾತ್ರಿ ಹಾರಿದವನು ನಾನೂ ಹೌದು.
ಒಂದು ನಲವತ್ತರ ವಿಮಾನ, ಅಗ್ಗದ ಟಿಕೆಟು;
ಕಾರ್ಕಳದಲ್ಲಿ 'ರೇಖಾ ಆರ್ಟ್ಸ್' ಎಂಬ ಬೋರ್ಡಿನ ಕೆಳಗೆ
ಎರಡು ತಿಂಗಳ ಬಾಡಿಗೆ, ವಾಮನ ಪೈಗಳ ಅಂಗಡಿಯ
ಇಪ್ಪತ್ತೆರಡು ಡಬ್ಬ ಪೇಂಟು.
ಅವರ ಪುಸ್ತಕದಲ್ಲಿ ನನ್ನ ಹೆಸರು ನೀಲಿ ಶಾಯಿಯಲ್ಲಿದೆ,
ಹನ್ನೊಂದು ವರ್ಷದಿಂದ.
ನನಗೆ ಅಲ್ಲಿ ಯಾವ ಮಾತು ಇಟ್ಟಿದ್ದಾರೋ.
ಪೈಗಳಿಗೆ ಇಂಗ್ಲಿಷು ಬರುತ್ತಿರಲಿಲ್ಲ.

ಸಂಜೆ ಏಣಿ ತಂದು ಅಕ್ಷರ ಕಿತ್ತೆ, ಒಂದೊಂದೇ.
'ಅಲ್' ಯಾರಿಗಾದರೂ ಬೇಕಾಗುತ್ತದೆ. 'ಟ್ರೇಡಿಂಗ್' ಕೂಡ.
ಮೂರು ಚುಕ್ಕಿಯಲ್ಲಿ ಎರಡು ಬಂದವು.
ಒಂದು ಉಗುರಿಗೂ ಸಿಗದೆ ಕೂತೇ ಇತ್ತು ಗೋಡೆಯ ಮೇಲೆ,
ಹೆಸರಿಲ್ಲದೆ.
ಅಂಟು ಒಳ್ಳೆಯದೇ ಹಾಕಿದ್ದೆ.